ಮನೆಯ ವಿದ್ಯುತ್ತಿನ ಮಿತವ್ಯಯ

ಹಾರೋಹಳ್ಳಿಯ ಕೈಗಾರಿಕಾ ಪ್ರದೇಶದ ಸುತ್ತಣ ಗ್ರಾಮಗಳಲ್ಲಿ ಜಮೀನುದಾರರು ಕಾರ್ಖಾನೆಯ ಕೆಲಸಗಾರರಿಗೆ ಮನೆಗಳನ್ನು ಬಾಡಿಗೆಗೆ ಕೊಡುವುದುಂಟು. ಹಲವು ಸಂಸಾರಗಳಿಗೆ ಒಂದೇ ಮೀಟರಿದ್ದರೆ ಒದಗುವ ನಷ್ಟವನ್ನು ಅಂಥವರು ಅಗತ್ಯವಾಗಿ ತಿಳಿದಿರತಕ್ಕುದು.

2023ನೆಯ ಜುಲೈ ತಿಂಗಳಿಂದ ಜಾರಿಗೆ ಬಂದಿರುವ ಗೃಹಜ್ಯೋತಿ ಯೋಜನೆಯಲ್ಲಿ, 2022-23ನೆಯ ಸಾಲಿನ ಮಾಸಿಕ ಸರಾಸರಿ ಬಳಕೆಯೂ ಅದರ ಮೇಲೆ ಸಾಮಾನ್ಯವಾಗಿ ನೂರಕ್ಕೆ ಹತ್ತರಷ್ಟೂ ಉಚಿತ. ಅದನ್ನು ಮೀರಿದರೆ ಹೆಚ್ಚಿನ ಯೂನಿಟ್ಟುಗಳಿಗೆ ಮಾತ್ರ ಹಣ ತೆರಬೇಕು. ಆದರೆ ಬಳಕೆಯು ತಿಂಗಳಿಗೆ 200 ಯೂನಿಟ್ಟನ್ನು ದಾಟಿದರೆ ಇಡೀ ಬಿಲ್ಲನ್ನೇ ತೆರಬೇಕಾಗುವುದು. ಮೂರು ಸಂಸಾರಗಳು ತಲಾ 70 ಯೂನಿಟ್ಟು ಬಳಸಿದರೆ ಒಂದೇ ಮೀಟರಿನಲ್ಲಿ 210 ಆಗಿ ಸೌಲಭ್ಯವು ಪೂರ್ಣವಾಗಿ ತಪ್ಪುವುದು. ಬಾಡಿಗೆದಾರರೂ ಈ ಯೋಜನೆಗೆ ಅರ್ಹರು. ಆದಕಾರಣ ಮನೆಗೊಂದು ಮೀಟರು ಹಾಕಿಸಿ, ಬಾಡಿಗೆಯ ಕರಾರುಪತ್ರವನ್ನು ಬರೆದುಕೊಡುವುದು ಲೇಸು.

ಇನ್ನು ಬಳಕೆಯ ವಿಚಾರ. 1000 ವಾಟಿನ ಉಪಕರಣವು ಒಂದು ಗಂಟೆಯಲ್ಲಿ ಹಿಡಿಯುವ ವಿದ್ಯುತ್ತೇ ಒಂದು ಯೂನಿಟ್ಟು. 60 ವಾಟಿನ ಹಳೆಯ ಬಲ್ಬು ದಿನಕ್ಕೆ 5 ಗಂಟೆ ಉರಿದರೆ ತಿಂಗಳಿಗೆ 9 ಯೂನಿಟ್ಟು. 9 ವಾಟಿನ ಎಲ್‌ಇಡಿ ಬಲ್ಬಿಗಾದರೋ ಒಂದೂವರೆ ಯೂನಿಟ್ಟೂ ಹಿಡಿಯದು. 2000 ವಾಟಿನ ಗೀಸರು ದಿನವೂ ಅರ್ಧ ಗಂಟೆ ನಡೆದರೆ 30 ಯೂನಿಟ್ಟಾಗುವುದು. ರೇಷ್ಮೆ ಬೆಳೆಯುವವರು ಹುಳುಗಳು ಸೊಪ್ಪು ತಿಂದುಳಿಸಿದ ಹಿಪ್ಪುನೇರಳೆಯ ಕಡ್ಡಿಗಳನ್ನು ಒಣಗಿಸಿಟ್ಟು ಹಂಡೆಯ ಒಲೆಗೆ ಉಪಯೋಗಿಸಿದರೆ ಈ ವೆಚ್ಚವೆಲ್ಲಾ ಉಳಿಯುವುದು.

ಬಿಲ್ಲು ಬಂದ ಹದಿನೈದನೆಯ ದಿನ ಮೀಟರಿನ ಅಂಕಿಯನ್ನು ನೋಡತಕ್ಕುದು. ಅಷ್ಟರೊಳಗೆ ಬಳಕೆಯು 100 ಯೂನಿಟ್ಟನ್ನು ಮೀರಿದ್ದರೆ ಉಳಿದ ದಿನಗಳಲ್ಲಿ ಹಿಡಿತವಿರಬೇಕು. ಗ್ರಾಮದ ಮುಖ್ಯಸ್ಥರು ಈ ಕ್ರಮವನ್ನು ತಮ್ಮ ಮನೆಗಳಲ್ಲಿಯೇ ಮೊದಲು ಆಚರಿಸಿದರೆ ಉಳಿದವರು ತಾವಾಗಿಯೇ ಅನುಸರಿಸುವರು.