ಬಿಡುಗಡೆಯ ಮೊದಲ 14 ದಿನ

23, 91, 166.

ಮೂರು ಗುಂಪಿನ ಕೈದಿಗಳು ಜೈಲಿನಿಂದ ಹೊರಬಂದ ಮೇಲೆ ಒಂದು ವರ್ಷದಲ್ಲಿ ಸರಾಸರಿ ಎಷ್ಟು ದಿನ ಚಿಕಿತ್ಸೆಯಲ್ಲಿ ಉಳಿದರು ಎಂಬ ಲೆಕ್ಕ ಇದು. ಅಮೆರಿಕದ ಬಾಲ್ಟಿಮೋರ್‌ನಲ್ಲಿ ಟಿಮೊತಿ ಕಿನ್‌ಲಾಕ್, ಮೈಕೆಲ್ ಗಾರ್ಡನ್ ಮತ್ತು ಸಂಗಡಿಗರು ನಡೆಸಿದ ಅಧ್ಯಯನ 2009ರಲ್ಲಿ ಪ್ರಕಟವಾಯಿತು. ಜೈಲು ಸೇರುವ ಮುಂಚೆ ಹೆರಾಯಿನ್ ಚಟವಿದ್ದ, ಬಿಡುಗಡೆಗೆ ಕೆಲವೇ ತಿಂಗಳು ಬಾಕಿಯಿದ್ದ 200ಕ್ಕೂ ಹೆಚ್ಚು ಗಂಡಸರನ್ನು ಅವರು ಚೀಟಿ ಎತ್ತಿದ ಹಾಗೆ ಮೂರು ಪಾಲು ಮಾಡಿದರು. ಮೂರೂ ಗುಂಪಿಗೆ ಒಳಗೆ ಆಪ್ತಸಮಾಲೋಚನೆ ಸಿಕ್ಕಿತು. ಮೊದಲ ಗುಂಪಿನವರಿಗೆ ಹೊರಡುವಾಗ ಚಿಕಿತ್ಸೆ ಎಲ್ಲಿ ಸಿಗುತ್ತದೆಂದು ಹೇಳಿ ಕಳಿಸಿದರು. ಎರಡನೆಯವರಿಗೆ ಹೊರಗೆ ಬಂದ ಕೂಡಲೇ, ಹೆರಾಯಿನ್ ಸೆಳೆತ ಹಿಡಿದಿಡುವ ಮೆಥಡೋನ್ ಎಂಬ ಔಷಧಿ ಕೊಡುವ ಕೇಂದ್ರದಲ್ಲಿ ಜಾಗ ಕಾದಿರಿಸಿದ್ದರು. ಮೂರನೆಯವರಿಗೆ ಜೈಲಿನೊಳಗೇ ಆ ಔಷಧಿ ಶುರುಮಾಡಿ, ಹೊರಗೂ ಅದೇ ಸರಣಿ ಮುಂದುವರಿಸಿದರು.

ಊರು ಒಂದೇ, ಚಟ ಒಂದೇ. ಆದರೂ ವಿಳಾಸ ಹೇಳಿಸಿಕೊಂಡವನು ವರ್ಷದಲ್ಲಿ 23 ದಿನ ಉಳಿದ. ಒಳಗಿಂದಲೇ ಔಷಧಿ ಹಿಡಿದು ಬಂದವನು 166 ದಿನ ಉಳಿದ. ಕೈದಿಗಳ ಮಾದಕ ವ್ಯಸನದ ಬಗ್ಗೆ ಎಂಟು ದಶಕಗಳಿಗೂ ಮಿಕ್ಕಿ ನಡೆದ ಸಂಶೋಧನೆ ಮತ್ತೆ ಮತ್ತೆ ಬಂದು ನಿಲ್ಲುವುದು ಇದೇ ಜಾಗದಲ್ಲಿ, ಜೈಲಿನ ಗೇಟಿನ ಬಳಿ.

ಹಸು, ಹೊಲ ಮತ್ತು ಮರಳಿ ಬಂದವರು

“ನಾಲ್ಕು ದಿನ ಒಳಗೆ ಹಾಕಿ, ಚಟ ತಾನೇ ಬಿಡುತ್ತೆ” ಎನ್ನುವ ಮಾತು ನಮ್ಮ ಮನೆಗಳಲ್ಲೂ ಕೇಳಿಬರುತ್ತದೆ. ಅದನ್ನು ದೊಡ್ಡ ಪ್ರಮಾಣದಲ್ಲಿ ಪರೀಕ್ಷಿಸಿದ ಜಾಗವೊಂದಿದೆ. 1935ರಲ್ಲಿ ಕೆಂಟಕಿ ರಾಜ್ಯದ ಲೆಕ್ಸಿಂಗ್ಟನ್ ಬಳಿ ಅಮೆರಿಕ ಸರ್ಕಾರ ಅರ್ಧ ಜೈಲು, ಅರ್ಧ ಆಸ್ಪತ್ರೆಯಂಥ ಸಂಸ್ಥೆ ತೆರೆಯಿತು. ಜನ ಅದನ್ನು ‘ನಾರ್ಕೋಟಿಕ್ ಫಾರ್ಮ್’ ಎಂದರು. ಶಿಕ್ಷೆಗೊಳಗಾದವರೂ ತಾವಾಗಿ ಬಂದು ಸೇರಿದವರೂ ಅಲ್ಲಿ ಒಟ್ಟಿಗೇ ಇದ್ದರು. ಹೊಲದ ಕೆಲಸ, ಹೈನು, ಶುದ್ಧ ಗಾಳಿ, ಹೊತ್ತಿಗೆ ಸರಿಯಾಗಿ ಊಟ. ಜಾಝ್ ವಾದಕ ಸಾನಿ ರಾಲಿನ್ಸ್, ಲೇಖಕ ವಿಲಿಯಂ ಬರೋಸ್ ಕೂಡ ಅಲ್ಲಿದ್ದು ಬಂದವರು.

ಒಳಗಿದ್ದಷ್ಟು ದಿನ ಬಹುಪಾಲು ಜನ ಚೆನ್ನಾಗಿಯೇ ಇದ್ದರು. ಆದರೆ ಅಲ್ಲಿಂದ ನ್ಯೂಯಾರ್ಕ್‌ಗೆ ಮರಳಿದ 1,900ಕ್ಕೂ ಹೆಚ್ಚು ಮಂದಿಯ ಜಾಡು ಹಿಡಿದ ವರದಿ 1962ರಲ್ಲಿ ಬಂದಾಗ, ಪತ್ತೆಯಾದವರಲ್ಲಿ ನೂರಕ್ಕೆ 90ಕ್ಕಿಂತ ಹೆಚ್ಚು ಜನ ಹಳೆಯ ಚಟಕ್ಕೇ ಹೋಗಿದ್ದು ಗೊತ್ತಾಯಿತು. ಹೆಚ್ಚಿನವರು ಆರು ತಿಂಗಳೊಳಗೇ ಹೋಗಿದ್ದರು.

ಕಾರಣ ಹುಡುಕಿದವರಲ್ಲಿ ಲೆಕ್ಸಿಂಗ್ಟನ್‌ನ ವೈದ್ಯ ಅಬ್ರಹಾಂ ವಿಕ್ಲರ್ ಒಬ್ಬರು. ತಿಂಗಳುಗಟ್ಟಲೆ ಮಾದಕ ಮುಟ್ಟದ ರೋಗಿಗಳು ಅದರ ಮಾತು ಬಂದಾಗ ಆಕಳಿಸುತ್ತಿದ್ದರು, ಮೂಗು ಸೋರುತ್ತಿತ್ತು. ಇವು ಚಟವಿದ್ದವನಿಗೆ ಮಾದಕ ಸಿಗದಾಗ ಬರುವ ಲಕ್ಷಣಗಳೇ. ಹಳೆಯ ಬೀದಿಗೆ ಕಾಲಿಟ್ಟೊಡನೆ ದೇಹ ಹಳೆಯ ಪಾಠ ಒಪ್ಪಿಸುತ್ತದೆ ಎಂದು ವಿಕ್ಲರ್ ವಾದಿಸಿದರು. ಬೀದಿಯ ಮೂಲೆ, ಗೆಳೆಯನ ಶಿಳ್ಳೆ, ಅದೇ ಮೆಟ್ಟಿಲು, ಇವೆಲ್ಲ ಸೆಳೆತದ ಗಂಟೆಗಳು. ಜೈಲಿನಲ್ಲಿ ಆ ಗಂಟೆಗಳು ಮೊಳಗುವುದಿಲ್ಲ. ಹಾಗಾಗಿ ಅಲ್ಲಿ ಚಟ ‘ಬಿಟ್ಟಂತೆ’ ಕಾಣುತ್ತದೆ, ಅಷ್ಟೆ.

ದೇಹ ಮರೆತಿರುತ್ತದೆ, ಕೈ ಮರೆತಿರುವುದಿಲ್ಲ

ಮರಳಿ ಚಟಕ್ಕೆ ಬೀಳುವುದು ಒಂದು ಕಷ್ಟ. ಅದಕ್ಕಿಂತ ದೊಡ್ಡ ಅಪಾಯವನ್ನು 2007ರಲ್ಲಿ ಇಂಗ್ರಿಡ್ ಬಿನ್ಸ್‌ವಾಂಗರ್ ಅವರ ತಂಡ ಲೆಕ್ಕ ಹಾಕಿ ತೋರಿಸಿತು. ವಾಷಿಂಗ್ಟನ್ ರಾಜ್ಯದ ಕಾರಾಗೃಹಗಳಿಂದ ಬಿಡುಗಡೆಯಾದ 30,237 ಜನರ ದಾಖಲೆಯನ್ನು ಸಾವಿನ ದಾಖಲೆಯೊಂದಿಗೆ ಹೊಂದಿಸಿ ನೋಡಿದಾಗ, ಹೊರಬಂದ ಮೊದಲ ಎರಡು ವಾರಗಳಲ್ಲಿ ಅವರು ಸಾಯುವ ಸಂಭವ ಸಾಮಾನ್ಯ ಜನರಿಗಿಂತ 12.7 ಪಟ್ಟು ಹೆಚ್ಚಿತ್ತು. ಮಾದಕದ ಅತಿಸೇವನೆಯಿಂದ ಸಾಯುವ ಸಂಭವವಂತೂ 129 ಪಟ್ಟು.

ಇದರ ಹಿಂದಿನ ಕಾರಣ ಸರಳವಾಗಿದೆ, ಆದರೆ ಕ್ರೂರವಾದದ್ದು. ದಿನಾ ಹೆರಾಯಿನ್ ತೆಗೆದುಕೊಳ್ಳುವವನ ದೇಹ ಅದನ್ನು ತಡೆದುಕೊಳ್ಳಲು ಕಲಿತಿರುತ್ತದೆ. ಒಳಗೆ ತಿಂಗಳುಗಟ್ಟಲೆ ಸಿಗದೆ ಹೋದಾಗ ಆ ಶಕ್ತಿ ಕರಗುತ್ತದೆ. ಹೊರಬಂದವನು ಹಳೆಯ ಅಳತೆಯಲ್ಲೇ ಒಂದು ಸಲ ತೆಗೆದುಕೊಂಡರೆ ಉಸಿರಾಟ ನಿಲ್ಲಲು ಅಷ್ಟು ಸಾಕು.

ಚೀಟಿ ಎತ್ತಿದ 1960ರ ದಶಕ

ಈ ಅಪಾಯಕ್ಕೆ ಉತ್ತರದ ಮೊದಲ ಎಳೆ ಈ ಲೆಕ್ಕಕ್ಕೂ ಮುಂಚೆಯೇ ಸಿಕ್ಕಿತ್ತು. ನ್ಯೂಯಾರ್ಕ್‌ನ ರಾಕ್‌ಫೆಲರ್ ಸಂಸ್ಥೆಯಲ್ಲಿ ವಿನ್ಸೆಂಟ್ ಡೋಲ್ ಮತ್ತು ಮೇರಿ ನಿಸ್ವಾಂಡರ್ 1964ರಿಂದ ಮೆಥಡೋನ್ ಪ್ರಯೋಗ ನಡೆಸುತ್ತಿದ್ದರು. ಅಫೀಮಿನ ಗುಣದ್ದೇ ಆದರೂ ನಿಧಾನಕ್ಕೆ ಕೆಲಸ ಮಾಡುವ, ದಿನಕ್ಕೊಮ್ಮೆ ಬಾಯಲ್ಲಿ ಕುಡಿಯುವ ಔಷಧಿ ಅದು. ಸೆಳೆತವನ್ನು ಹಿಡಿದಿಡುತ್ತದೆ, ಅಮಲಿನ ಏರಿಳಿತ ತರುವುದಿಲ್ಲ. ಡೋಲ್ ಅದನ್ನು ಜೈಲಿಗೂ ಒಯ್ದರು. ಬಿಡುಗಡೆ ಹತ್ತಿರವಿದ್ದ ಕೈದಿಗಳಲ್ಲಿ ಕೆಲವರಿಗೆ ಮಾತ್ರ ಔಷಧಿ ಸಿಗುವಂತೆ ಚೀಟಿ ಹಾಕಲಾಯಿತು. 1969ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ, ಔಷಧಿ ಸಿಗದ 16 ಮಂದಿಯೂ ಹೆರಾಯಿನ್‌ಗೆ ಮರಳಿದರು, 15 ಮಂದಿಗೆ ಮತ್ತೆ ಶಿಕ್ಷೆಯಾಯಿತು. ಔಷಧಿ ಪಡೆದ 12 ಮಂದಿಯಲ್ಲಿ ಒಬ್ಬನೂ ಹಳೆಯ ಚಟಕ್ಕೆ ಪೂರ್ತಿ ಮರಳಲಿಲ್ಲ, ಶಿಕ್ಷೆಯಾದದ್ದು ಮೂವರಿಗೆ.

ಚಿಕ್ಕ ಪ್ರಯೋಗ ನಿಜ, ಆದರೆ ಫಲಿತಾಂಶ ಸ್ಪಷ್ಟವಾಗಿತ್ತು. ಆದರೂ ದಶಕಗಳ ಕಾಲ ಬಹುತೇಕ ಜೈಲುಗಳು ಅದನ್ನು ಕಿವಿಗೆ ಹಾಕಿಕೊಳ್ಳಲಿಲ್ಲ. “ಒಂದು ಚಟ ಬಿಡಿಸಿ ಇನ್ನೊಂದು ಹಿಡಿಸಿದಂತೆ” ಎಂಬ ಆಕ್ಷೇಪ ಗಟ್ಟಿಯಾಗಿತ್ತು. ಕೊನೆಗೆ 2016ರಲ್ಲಿ ಅಮೆರಿಕದ ರೋಡ್ ಐಲೆಂಡ್ ಎಂಬ ಪುಟ್ಟ ರಾಜ್ಯ ತನ್ನ ಜೈಲುಗಳಲ್ಲಿ ಮೆಥಡೋನ್, ಬುಪ್ರೆನಾರ್ಫಿನ್, ನಾಲ್ಟ್ರೆಕ್ಸೋನ್ ಎಂಬ ಮೂರೂ ಔಷಧಿಗಳನ್ನು ಕೊಡಲು ಶುರುಮಾಡಿ, ಹೊರಗಿನ ಕೇಂದ್ರಗಳೊಂದಿಗೆ ಕೊಂಡಿ ಕಟ್ಟಿತು. ಆ ವರ್ಷದ ಮೊದಲ ಆರು ತಿಂಗಳಲ್ಲಿ ಅತಿಸೇವನೆಯಿಂದ ಸತ್ತವರ ಪೈಕಿ ಇತ್ತೀಚೆಗೆ ಜೈಲಿನಿಂದ ಬಂದವರು 26 ಮಂದಿ. ಮರುವರ್ಷ ಅದೇ ಅವಧಿಯಲ್ಲಿ 9.

ಒಪ್ಪಿಗೆ ಯಾರದು?

ಈ ಸಂಶೋಧನೆಯ ಚರಿತ್ರೆಯಲ್ಲಿ ಕರಿ ಪುಟಗಳೂ ಇವೆ. ಲೆಕ್ಸಿಂಗ್ಟನ್‌ನ ಸಂಶೋಧನಾ ಘಟಕದಲ್ಲಿ ಹೊಸ ನೋವುನಿವಾರಕಗಳು ಚಟ ಹಿಡಿಸುತ್ತವೆಯೇ ಎಂದು ಕೈದಿಗಳ ಮೈಮೇಲೆ ಪರೀಕ್ಷಿಸಲಾಗುತ್ತಿತ್ತು. ಪ್ರತಿಫಲವಾಗಿ ಶಿಕ್ಷೆಯಲ್ಲಿ ರಿಯಾಯಿತಿ ಅಥವಾ ಮಾದಕವನ್ನೇ ಕೊಡುತ್ತಿದ್ದರು. ಚಟ ಬಿಡಲು ಬಂದವನಿಗೆ ಕೂಲಿ ಅದೇ ವಿಷ! 1975ರಲ್ಲಿ ಅಮೆರಿಕದ ಸೆನೆಟ್ ಮುಂದೆ ಇದು ಬಯಲಾಯಿತು. ಮರುವರ್ಷ ಅಲ್ಲಿನ ಕೈದಿ ಪ್ರಯೋಗಗಳು ನಿಂತವು. ಇಂದು ಜೀವ ಉಳಿಸುವ ಬುಪ್ರೆನಾರ್ಫಿನ್, ನಾಲ್ಟ್ರೆಕ್ಸೋನ್‌ಗಳ ತಿಳಿವಳಿಕೆಯ ಒಂದು ಪಾಲು ಇದೇ ಘಟಕದಿಂದ ಬಂದದ್ದು ನುಂಗಲಾರದ ಸತ್ಯ.

ಬೀಗ ಹಾಕಿದ ಕೋಣೆಯಲ್ಲಿ ಕೂತವನು ‘ಹೂಂ’ ಎಂದರೆ ಅದನ್ನು ಒಪ್ಪಿಗೆ ಎನ್ನಬಹುದೇ? 1978ರ ಅಮೆರಿಕದ ನಿಯಮಗಳು ಈ ಪ್ರಶ್ನೆಗೆ ಒಂದು ಬೇಲಿ ಹಾಕಿದವು. ಅಧ್ಯಯನವನ್ನು ಪರಿಶೀಲಿಸುವ ಸಮಿತಿಯಲ್ಲಿ ಕೈದಿಯೋ ಕೈದಿಗಳ ಪ್ರತಿನಿಧಿಯೋ ಇರಬೇಕು. ಭಾಗವಹಿಸಿದ್ದು ಪೆರೋಲ್ ತೀರ್ಮಾನಕ್ಕೆ ಲೆಕ್ಕವಾಗಬಾರದು, ಮತ್ತು ಅದು ಮೊದಲೇ ಕೈದಿಗೆ ಗೊತ್ತಿರಬೇಕು.

ಪರಪ್ಪನ ಅಗ್ರಹಾರದ ಲೆಕ್ಕ

ನಮ್ಮಲ್ಲೂ ಒಂದು ದೊಡ್ಡ ಲೆಕ್ಕ ನಡೆದಿದೆ. ಬೆಂಗಳೂರಿನ ಪರಪ್ಪನ ಅಗ್ರಹಾರದ ಕೇಂದ್ರ ಕಾರಾಗೃಹದಲ್ಲಿ ನಿಮ್ಹಾನ್ಸ್ ತಂಡ 5,024 ಕೈದಿಗಳನ್ನು ಮಾತಾಡಿಸಿ 2011ರಲ್ಲಿ ವರದಿ ಕೊಟ್ಟಿತು. ಮುಂದೆ ನಿಮ್ಹಾನ್ಸ್ ನಿರ್ದೇಶಕಿಯಾದ ಡಾ. ಪ್ರತಿಮಾ ಮೂರ್ತಿ ಆ ತಂಡದಲ್ಲಿದ್ದರು. ಶೇ 79.6ರಷ್ಟು ಮಂದಿಯಲ್ಲಿ ಮಾನಸಿಕ ಕಾಯಿಲೆಯೋ ಮಾದಕ, ಮದ್ಯ, ತಂಬಾಕಿನ ತೊಂದರೆಯೋ ಕಂಡಿತ್ತು. ವ್ಯಸನದ ಲೆಕ್ಕ ತೆಗೆದುಹಾಕಿದರೆ ಆ ಪ್ರಮಾಣ ಶೇ 27.6ಕ್ಕೆ ಇಳಿಯುತ್ತದೆ. ನಡುವಿನ ಅಂತರವೇ ಕಥೆ ಹೇಳುತ್ತದೆ.

ಕಾನೂನು ಪೂರ್ತಿ ಕಣ್ಣು ಮುಚ್ಚಿಲ್ಲ. ಮಾದಕ ವಸ್ತುಗಳ ಕುರಿತ 1985ರ ಎನ್‌ಡಿಪಿಎಸ್ ಕಾಯ್ದೆಯ 64ಎ ಕಲಮಿನಡಿ, ಸೇವನೆಯ ಅಥವಾ ಅಲ್ಪ ಪ್ರಮಾಣದ ಪ್ರಕರಣದಲ್ಲಿ ಸಿಕ್ಕಿದ ವ್ಯಸನಿ ತಾನಾಗಿ ಚಿಕಿತ್ಸೆಗೆ ಮುಂದಾದರೆ ವಿಚಾರಣೆಯಿಂದ ವಿನಾಯಿತಿ ಪಡೆಯಬಹುದು. ಚಿಕಿತ್ಸೆ ಅರ್ಧಕ್ಕೆ ಬಿಟ್ಟರೆ ವಿನಾಯಿತಿ ಹಿಂದಕ್ಕೆ ಹೋಗಬಹುದು. 39ನೇ ಕಲಮಿನಡಿ ನ್ಯಾಯಾಲಯ ಕೂಡಲೇ ಶಿಕ್ಷೆ ವಿಧಿಸದೆ ಅವನನ್ನು ಚಿಕಿತ್ಸೆಗೆ ಕಳಿಸಬಹುದು. ಪ್ರತಿ ರಾಜ್ಯದ ಕನಿಷ್ಠ ಒಂದು ಜೈಲಿನ ವೈದ್ಯಕೀಯ ವಿಭಾಗದಲ್ಲಿ ಮಾನಸಿಕ ಆರೋಗ್ಯ ಘಟಕವಿರಬೇಕೆಂದು 2017ರ ಮಾನಸಿಕ ಆರೋಗ್ಯ ಕಾಯ್ದೆ ಹೇಳುತ್ತದೆ. ದೆಹಲಿಯ ತಿಹಾರ್ ಜೈಲಿನಲ್ಲಿ 2008ರಲ್ಲೇ ಬುಪ್ರೆನಾರ್ಫಿನ್ ಚಿಕಿತ್ಸೆ ಆರಂಭವಾಗಿತ್ತು.

ಆದರೆ ಬಾಲ್ಟಿಮೋರ್‌ನ ಪಾಠವನ್ನು ಇದ್ದಂತೆಯೇ ಇಲ್ಲಿಗೆ ತರಲಾಗದು. ಅಲ್ಲಿನ ಕೈದಿಗೆ ತಾನು ಯಾವಾಗ ಹೊರಡುತ್ತೇನೆಂದು ಗೊತ್ತಿತ್ತು. ವೈದ್ಯರು ಆ ದಿನದಿಂದ ಹಿಂದಕ್ಕೆ ಎಣಿಸಿ ಔಷಧಿ ಶುರುಮಾಡಿದರು. ನಮ್ಮ ಜೈಲುಗಳಲ್ಲಿ ನಾಲ್ವರಲ್ಲಿ ಸುಮಾರು ಮೂವರು ವಿಚಾರಣಾಧೀನರು. ಜಾಮೀನು ಯಾವ ದಿನ ಮಂಜೂರಾಗುತ್ತದೋ, ಶ್ಯೂರಿಟಿ ಯಾವಾಗ ಸಿಗುತ್ತದೋ ಯಾರಿಗೂ ತಿಳಿಯದು. ಸಂಜೆ ಆದೇಶ ಬಂದರೆ ಕೈಚೀಲ ಹಿಡಿದು ಹೊರಡುವುದೇ. ಸಿದ್ಧತೆಗೆ ಕೊನೆಯ ತಿಂಗಳು ಎಂಬುದೇ ಅವರಿಗಿಲ್ಲ. ಒಳಬಂದ ಮೊದಲ ದಿನವೇ ಚಿಕಿತ್ಸೆ ಆರಂಭವಾಗಬೇಕು, ಮತ್ತು ಹೊರಡುವವನ ಕೈಯಲ್ಲಿ ಹತ್ತಿರದ ಆಸ್ಪತ್ರೆಯ ಚೀಟಿ ಯಾವ ಹೊತ್ತಿಗೂ ಸಿದ್ಧವಿರಬೇಕು. ಕುಡಿತದ ಚಟವಿದ್ದವರ ವಿಷಯದಲ್ಲಿ ಈ ಮೊದಲ ದಿನ ಇನ್ನೂ ಮುಖ್ಯ. ಮದ್ಯ ನಿಂತ ಎರಡು ಮೂರು ದಿನದಲ್ಲಿ ಬರುವ ನಡುಕ, ಫಿಟ್ಸ್, ಭ್ರಮೆಗಳು ಗಮನಿಸದಿದ್ದರೆ ಪ್ರಾಣ ತೆಗೆಯಬಲ್ಲವು.

ಹೀಗೆ ಹೊರಹೋದವರ ಬೆನ್ನಿಗೆ ನಿಲ್ಲುವ ಬುದ್ಧಿ ನಮಗೆ ಹೊಸದಲ್ಲ. ಧರ್ಮಸ್ಥಳದ ಮದ್ಯವರ್ಜನ ಶಿಬಿರಗಳಿಂದ ಮನೆಗೆ ಹೋದವರು ಊರೂರಲ್ಲಿ ನವಜೀವನ ಸಮಿತಿ ಕಟ್ಟಿಕೊಂಡು ಸೇರುತ್ತಾರೆ. ಶಿಬಿರ ಮುಗಿದ ಮರುದಿನದಿಂದಲೇ ಪರೀಕ್ಷೆ ಎಂದು ಅವರಿಗೆ ಗೊತ್ತು.

ಜೈಲಿನಲ್ಲಿ ಎಷ್ಟು ಜನರಿಗೆ ಸಮಾಲೋಚನೆ ಆಯಿತು, ಎಷ್ಟು ಶಿಬಿರ ನಡೆದವು ಎಂಬ ಅಂಕಿಗಳನ್ನು ವಾರ್ಷಿಕ ವರದಿಗಳಲ್ಲಿ ತುಂಬಿಸುವುದು ಸುಲಭ. ಬಿಡುಗಡೆಯಾದ 15ನೇ ದಿನ ಅವರಲ್ಲಿ ಎಷ್ಟು ಮಂದಿ ಆಸ್ಪತ್ರೆಯ ಹೊರರೋಗಿಗಳ ಸಾಲಿನಲ್ಲಿ ನಿಂತಿದ್ದರು? ವರದಿಗಳಲ್ಲಿ ಈ ಒಂದು ಅಂಕಣ ಸೇರಿದರೆ, ಉಳಿದ ಅಂಕಿಗಳ ಬೆಲೆ ತಾನಾಗಿ ತಿಳಿಯುತ್ತದೆ.