ಚೀಟಿ ಇಲ್ಲದೆ ಸಿಗುವ ಗರ್ಭನಿರೋಧಕ ಗುಳಿಗೆ

ಗರ್ಭನಿರೋಧಕ ಗುಳಿಗೆ ಕೊಳ್ಳಲು ವೈದ್ಯರ ಚೀಟಿ ಬೇಕೇ, ಬೇಡವೇ? ಬಹಳಷ್ಟು ಮನೆಗಳಲ್ಲಿ ಇದಕ್ಕೆ ಸರಿಯಾದ ಉತ್ತರ ಗೊತ್ತಿರುವುದಿಲ್ಲ. ಕೆಲವು ಔಷಧಿ ಅಂಗಡಿಯವರಿಗೂ ಗೊತ್ತಿರುವುದಿಲ್ಲ. ಚೀಟಿ ಬೇಕಿಲ್ಲದ ಗುಳಿಗೆಗೆ ಚೀಟಿ ಕೇಳಿ ಹೆಣ್ಣುಮಕ್ಕಳನ್ನು ಬರಿಗೈಯಲ್ಲಿ ಕಳಿಸುವುದುಂಟು. ಚೀಟಿ ಇಲ್ಲದೆ ಕೊಡಲೇಬಾರದ ಗರ್ಭಪಾತದ ಮಾತ್ರೆಯನ್ನು ಕಾಗದದಲ್ಲಿ ಸುತ್ತಿ ಗುಟ್ಟಾಗಿ ಕೊಡುವುದೂ ಉಂಟು. ಮೊದಲನೆಯದು ಅನ್ಯಾಯ, ಎರಡನೆಯದು ಪ್ರಾಣಕ್ಕೆ ಸಂಚಕಾರ.

ನಮ್ಮ ದೇಶದಲ್ಲಿ ಔಷಧಿಗಳ ಮಾರಾಟವನ್ನು ನಿಯಂತ್ರಿಸುವುದು 1940ರ ಔಷಧಿ ಮತ್ತು ಪ್ರಸಾಧನ ಸಾಮಗ್ರಿಗಳ ಕಾಯಿದೆ ಮತ್ತು ಅದರಡಿ 1945ರಲ್ಲಿ ಮಾಡಿದ ನಿಯಮಗಳು. ಈ ನಿಯಮಗಳ ‘ಎಚ್’ ಅನುಸೂಚಿಯಲ್ಲಿರುವ ಔಷಧಿಗಳನ್ನು ಚೀಟಿ ಇಲ್ಲದೆ ಮಾರುವಂತಿಲ್ಲ. ‘ಕೆ’ ಅನುಸೂಚಿಯಲ್ಲಿ ವಿನಾಯಿತಿ ಪಡೆದವುಗಳ ಪಟ್ಟಿ ಇದೆ. ನಿರೋಧ್ ಮುಂತಾದ ಸಾಧನಗಳು, ನಿರ್ದಿಷ್ಟ ಪ್ರಮಾಣದಲ್ಲಿ ಹಾರ್ಮೋನುಗಳಿರುವ ಕೆಲವು ಗುಳಿಗೆಗಳು, ಲಖನೌದ ಕೇಂದ್ರೀಯ ಔಷಧ ಸಂಶೋಧನಾ ಸಂಸ್ಥೆ ಕಂಡುಹಿಡಿದ ಸೆಂಟ್‌ಕ್ರೋಮನ್ (1991ರಲ್ಲಿ ‘ಸಹೇಲಿ’ ಹೆಸರಿನಲ್ಲಿ ಮಾರುಕಟ್ಟೆಗೆ ಬಂದದ್ದು) ಈ ಪಟ್ಟಿಯಲ್ಲಿವೆ. ‘ಮಾಲಾ-ಡಿ’, ‘ಮಾಲಾ-ಎನ್’ ಗುಳಿಗೆಗಳೂ ಈ ವರ್ಗದವೇ. ತುರ್ತು ಗರ್ಭನಿರೋಧಕ ಗುಳಿಗೆಯನ್ನು ಚೀಟಿಯಿಂದ ಮುಕ್ತಗೊಳಿಸಿದ್ದು 2005ರಲ್ಲಿ.

ಕುಟುಂಬ ಯೋಜನೆಯ ವಿಷಯದಲ್ಲಿ ನಾವು ಹಿಂದುಳಿದವರೇನೂ ಅಲ್ಲ. ಮೈಸೂರು ಸಂಸ್ಥಾನದ ಸರ್ಕಾರ 1930ರಲ್ಲೇ ಜನನ ನಿಯಂತ್ರಣ ಚಿಕಿತ್ಸಾಲಯಗಳನ್ನು ತೆರೆಯಿತು. ಸರ್ಕಾರವೇ ನಡೆಸಿದ ಇಂಥ ಚಿಕಿತ್ಸಾಲಯ ಜಗತ್ತಿನಲ್ಲಿ ಅದೇ ಮೊದಲೆನ್ನುತ್ತಾರೆ. ಅಮೆರಿಕದಲ್ಲಿ ಗುಳಿಗೆ 1960ರಲ್ಲೇ ಬಂದರೂ, ಚೀಟಿ ಇಲ್ಲದೆ ಸಿಗುವ ದಿನನಿತ್ಯದ ಗುಳಿಗೆಗೆ ಒಪ್ಪಿಗೆ ದೊರೆತದ್ದು 2023ರ ಜುಲೈನಲ್ಲಿ. ‘ಓಪಿಲ್’ ಎಂಬ ಆ ಗುಳಿಗೆ ಅಂಗಡಿಗಳಿಗೆ ಬಂದದ್ದು 2024ರಲ್ಲಿ. ಆಗ ಅಲ್ಲಿ ಹೊಸ ತೊಡಕು ಎದ್ದಿತು. ಚೀಟಿ ಇದ್ದರೆ ಔಷಧಿಯ ವೆಚ್ಚವನ್ನು ವಿಮಾ ಕಂಪನಿ ಭರಿಸುತ್ತದೆ, ಇಲ್ಲದಿದ್ದರೆ ಸಾಮಾನ್ಯವಾಗಿ ಭರಿಸುವುದಿಲ್ಲ! ಚೀಟಿ ಇಲ್ಲದಿದ್ದರೂ ವಿಮೆ ಕೊಡಬೇಕೆಂದು ಕ್ಯಾಲಿಫೋರ್ನಿಯ 2022ರಲ್ಲಿ ಕಾನೂನು ಮಾಡಿತು. ಇದೇ ಉದ್ದೇಶದ ಮಸೂದೆ ಅಲ್ಲಿನ ಸಂಸತ್ತಿನಲ್ಲೂ ಮಂಡನೆಯಾಯಿತು. ನಮ್ಮಲ್ಲಿ ಹಣದ ತೊಡಕು ಅಷ್ಟಿಲ್ಲ. ಮಾಲಾ-ಎನ್ ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತ. ಸೆಂಟ್‌ಕ್ರೋಮನ್ ಕೂಡ ‘ಛಾಯಾ’ ಎಂಬ ಹೆಸರಿನಲ್ಲಿ ಉಚಿತವಾಗಿ ದೊರೆಯುತ್ತದೆ. ನಮ್ಮಲ್ಲಿ ಕೊರತೆ ಇರುವುದು ತಿಳಿವಳಿಕೆಗೆ.

ಚೀಟಿ ಬೇಡ ಎಂದ ಮಾತ್ರಕ್ಕೆ ಗುಳಿಗೆ ಎಲ್ಲರಿಗೂ ಹೊಂದುತ್ತದೆ ಎಂದರ್ಥವಲ್ಲ. ಮಾಲಾ-ಡಿಯಂಥ ಗುಳಿಗೆಯಲ್ಲಿ ಈಸ್ಟ್ರೊಜೆನ್ ಇರುತ್ತದೆ. ರಕ್ತದೊತ್ತಡ ಹೆಚ್ಚಿರುವವರು, ರಕ್ತನಾಳದಲ್ಲಿ ಹೆಪ್ಪುಗಟ್ಟಿದ ಚರಿತ್ರೆ ಇರುವವರು, ಸ್ತನದ ಕ್ಯಾನ್ಸರ್ ಆದವರು, ಕಣ್ಣೆದುರು ಮಿಂಚು ಕಾಣಿಸಿಕೊಂಡು ಅರೆತಲೆನೋವು ಬರುವವರು, ಧೂಮಪಾನ ಮಾಡುವ 35 ದಾಟಿದವರು ಇದನ್ನು ತೆಗೆದುಕೊಳ್ಳಬಾರದು. ಹಸುಗೂಸಿಗೆ ಎದೆಹಾಲು ಕೊಡುತ್ತಿರುವ ತಾಯಂದಿರು ಮೊದಲ ಆರು ತಿಂಗಳು ಬೇರೆ ವಿಧಾನ ಅನುಸರಿಸುವುದು ಒಳ್ಳೆಯದು. ಕ್ಷಯಕ್ಕೆ ಕೊಡುವ ರಿಫಾಂಪಿಸಿನ್, ಮೂರ್ಛೆರೋಗದ ಫೆನಿಟಾಯಿನ್, ಕಾರ್ಬಮಜೆಪಿನ್ ಮಾತ್ರೆಗಳು ಗುಳಿಗೆಯ ಬಲವನ್ನು ಕುಂದಿಸುತ್ತವೆ. ಆದ್ದರಿಂದ ಗುಳಿಗೆ ಶುರುಮಾಡುವ ಮುನ್ನ ಒಮ್ಮೆ ಬಿ.ಪಿ. ನೋಡಿಸಿಕೊಳ್ಳಿ. ಇದಕ್ಕೆ ಚೀಟಿಯೇನೂ ಬೇಡ, ಐದು ನಿಮಿಷ ಸಾಕು.

ಸೆಂಟ್‌ಕ್ರೋಮನ್‌ನಲ್ಲಿ ಹಾರ್ಮೋನು ಇಲ್ಲ, ಹಾಲೂಡಿಸುವ ತಾಯಂದಿರೂ ತೆಗೆದುಕೊಳ್ಳಬಹುದು. ಮೊದಲ ಮೂರು ತಿಂಗಳು ವಾರಕ್ಕೆ ಎರಡು, ಆಮೇಲೆ ವಾರಕ್ಕೊಂದು. ಅಂಡಾಶಯದ ಗುಳ್ಳೆಗಳ ತೊಂದರೆ (ಪಿ.ಸಿ.ಒ.ಡಿ.) ಇರುವವರಿಗೂ ಇತ್ತೀಚೆಗೆ ಕಾಮಾಲೆ ಬಂದವರಿಗೂ ಇದು ಹೇಳಿದ್ದಲ್ಲ. ಶುರುವಿನಲ್ಲಿ ಮುಟ್ಟು ತಡವಾಗುವುದು ಸಾಮಾನ್ಯ. ಅದಕ್ಕೆ ಗಾಬರಿಯಾಗಿ ನಿಲ್ಲಿಸುವವರೇ ಹೆಚ್ಚು.

ದಿನನಿತ್ಯದ ಗುಳಿಗೆ ಒಂದು ದಿನ ಮರೆತರೆ ನೆನಪಾದ ಕೂಡಲೇ ನುಂಗಿ, ಆ ದಿನದ್ದನ್ನೂ ಹೊತ್ತಿಗೆ ಸರಿಯಾಗಿ ತೆಗೆದುಕೊಳ್ಳಿ. ಎರಡು ಅಥವಾ ಹೆಚ್ಚು ದಿನ ಮರೆತಿದ್ದರೆ ಗುಳಿಗೆ ಮುಂದುವರಿಸುತ್ತಲೇ ಏಳು ದಿನ ನಿರೋಧ್ ಬಳಸಬೇಕು.

ಇನ್ನು ತುರ್ತು ಗುಳಿಗೆ. ‘ಐ-ಪಿಲ್’ ಮುಂತಾದ ಹೆಸರುಗಳಲ್ಲಿ ಸಿಗುವ ಇದರಲ್ಲಿರುವುದು ಲೆವೊನಾರ್‌ಜೆಸ್ಟ್ರೆಲ್ 1.5 ಮಿಲಿಗ್ರಾಂ. ಸಂಭೋಗವಾದ 72 ಗಂಟೆಗಳೊಳಗೆ ತೆಗೆದುಕೊಳ್ಳಬೇಕು, ಬೇಗ ತೆಗೆದುಕೊಂಡಷ್ಟೂ ಫಲ ಹೆಚ್ಚು. ಇದು ಅಂಡಾಣು ಬಿಡುಗಡೆಯಾಗುವುದನ್ನು ಮುಂದೂಡುತ್ತದೆ. ಈಗಾಗಲೇ ಕಟ್ಟಿದ ಗರ್ಭವನ್ನು ಇದು ಕೆಡಿಸುವುದಿಲ್ಲ. ಎರಡು ಗಂಟೆಯೊಳಗೆ ವಾಂತಿಯಾದರೆ ಮತ್ತೊಂದು ಬೇಕು. ಮುಟ್ಟು ಒಂದು ವಾರಕ್ಕಿಂತ ತಡವಾದರೆ ಮೂತ್ರ ಪರೀಕ್ಷೆ ಮಾಡಿಸಿ. ತಿಂಗಳು ತಿಂಗಳೂ ಇದನ್ನೇ ನೆಚ್ಚಿಕೊಳ್ಳುವುದು ಜಾಣತನವಲ್ಲ. ದಿನನಿತ್ಯದ ಗುಳಿಗೆಯಷ್ಟು ಭದ್ರತೆ ಇದರಲ್ಲಿಲ್ಲ. ಹೊತ್ತು ಮೀರಿದ್ದರೆ ಐದು ದಿನದೊಳಗೆ ಕಾಪರ್-ಟಿ ಹಾಕಿಸಿಕೊಳ್ಳುವ ದಾರಿಯೂ ಇದೆ, ಅದು ಗುಳಿಗೆಗಿಂತ ಪರಿಣಾಮಕಾರಿ.

ತುರ್ತು ಗುಳಿಗೆಯನ್ನು ಗರ್ಭಪಾತದ ಮಾತ್ರೆಯೆಂದು ತಿಳಿದು ಮೂಗು ಮುರಿಯುವವರು ಈ ವ್ಯತ್ಯಾಸ ಗಮನಿಸಬೇಕು. ಗರ್ಭಪಾತಕ್ಕೆ ಕೊಡುವುದು ಮಿಫೆಪ್ರಿಸ್ಟೋನ್ ಮತ್ತು ಮಿಸೊಪ್ರೊಸ್ಟಾಲ್ ಮಾತ್ರೆಗಳನ್ನು. ಇವು 1971ರ ಗರ್ಭಪಾತ ಕಾಯಿದೆಯ ವ್ಯಾಪ್ತಿಗೆ ಬರುತ್ತವೆ. ಒಂಬತ್ತು ವಾರದೊಳಗಿನ ಗರ್ಭಕ್ಕೆ, ಅರ್ಹ ವೈದ್ಯರೇ ಪರೀಕ್ಷಿಸಿ ಕೊಡಬೇಕು. ಗರ್ಭ ಗರ್ಭಕೋಶದ ಬದಲು ನಾಳದಲ್ಲಿ ಕಟ್ಟಿದ್ದರೆ ಈ ಮಾತ್ರೆ ನಾಟುವುದಿಲ್ಲ, ನಾಳ ಒಡೆದು ಹೊಟ್ಟೆಯೊಳಗೇ ರಕ್ತ ಸುರಿಯುತ್ತದೆ. ಅಂಗಡಿಯವರು ಅದನ್ನು ಹೇಗೆ ತಾನೆ ಪತ್ತೆ ಮಾಡಿಯಾರು?

ನಮ್ಮ ದೇಶದಲ್ಲಿ ಕುಟುಂಬ ಯೋಜನೆ ಎಂದರೆ ಇಂದಿಗೂ ಬಹುಪಾಲು ಹೆಂಗಸರ ಆಪರೇಷನ್ನೇ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ವಿವಾಹಿತ ಮಹಿಳೆಯರಲ್ಲಿ ಶೇ. 37.9 ಮಂದಿ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡವರು, ಗುಳಿಗೆ ಬಳಸುವವರು ಶೇ. 5.1 ಮಾತ್ರ. ಮೊದಲ ಮಗುವಿಗೂ ಎರಡನೆಯದಕ್ಕೂ ಮೂರು ವರ್ಷ ಅಂತರವಿಡಬೇಕೆನ್ನುವ ಸೊಸೆಗೆ ಆಪರೇಷನ್ನಿನಿಂದ ಏನು ಪ್ರಯೋಜನ? ಅಂಗಡಿಯಲ್ಲಿ ಕೇಳಲು ಸಂಕೋಚವಾದರೆ ನಿಮ್ಮೂರಿನ ಆಶಾ ಕಾರ್ಯಕರ್ತೆಯನ್ನು ಕೇಳಿ. ಗುಳಿಗೆ, ನಿರೋಧ್‌ಗಳನ್ನು ಮನೆಗೇ ತಲುಪಿಸುವ ವ್ಯವಸ್ಥೆ 2011ರಲ್ಲಿ ಶುರುವಾಯಿತು. ಗಂಡಸರು ಕೇಳಿದರೂ ಅವರು ಕೊಡುತ್ತಾರೆ.