ಯಕೃತ್ತಿನ ಶಸ್ತ್ರಚಿಕಿತ್ಸೆಗೆ ಮುನ್ನ ಅಪಾಯದ ಅಳತೆ

ಯಕೃತ್ತಿನ ಒಂದು ಭಾಗವನ್ನು ತೆಗೆದ ಮೇಲೆ ಉಳಿದದ್ದು ದೇಹಕ್ಕೆ ಸಾಕಾಗುವುದೇ ಎಂಬುದು ಶಸ್ತ್ರಚಿಕಿತ್ಸೆಗೆ ಮುನ್ನವೇ ತೀರ್ಮಾನವಾಗಬೇಕು. ಸಾಲದಿದ್ದರೆ ಕಾಮಾಲೆ ಏರಿ, ಹೊಟ್ಟೆಯಲ್ಲಿ ನೀರು ತುಂಬಿ ಜೀವಕ್ಕೇ ಕುತ್ತಾದೀತು. ಪರೀಕ್ಷೆಗೆಂದು ಯಕೃತ್ತಿನ ತುಣುಕು ತೆಗೆಯದೆಯೇ ಈ ಅಪಾಯವನ್ನು ಚಿತ್ರಣದಿಂದ ಅಂದಾಜಿಸಬಹುದು.

ಮೊದಲನೆಯದು ಸಿ.ಟಿ. ಸ್ಕ್ಯಾನ್. ಕಂಪ್ಯೂಟರ್ ಉಳಿಯುವ ಭಾಗದ ಗಾತ್ರವನ್ನು ಲೆಕ್ಕ ಹಾಕುತ್ತದೆ. ಒಟ್ಟು 1,200 ಮಿಲಿಲೀಟರ್‌ನಲ್ಲಿ 300 ಉಳಿದರೆ ಅದು ಶೇ 25. ಆರೋಗ್ಯವಂತ ಯಕೃತ್ತಿಗೆ ಶೇ 20ರಿಂದ 25, ಕಿಮೊಥೆರಪಿ ಪಡೆದವರಿಗೆ ಸುಮಾರು ಶೇ 30, ಸಿರೋಸಿಸ್ (ಯಕೃತ್ತು ಕಲೆಗಟ್ಟಿ ಗಡಸಾಗುವ ಕಾಯಿಲೆ) ಇದ್ದವರಿಗೆ ಶೇ 40ರಷ್ಟು ಉಳಿಯಬೇಕು. ಕಡಿಮೆಯಾದರೆ, ತೆಗೆಯುವ ಭಾಗಕ್ಕೆ ಹೋಗುವ ರಕ್ತನಾಳವನ್ನು ಮೊದಲೇ ಮುಚ್ಚಿ, ಉಳಿಯುವ ಭಾಗ ಬೆಳೆಯಲು ಕೆಲವು ವಾರ ಕಾಯುತ್ತಾರೆ.

ಎರಡನೆಯದು ಫೈಬ್ರೋಸ್ಕ್ಯಾನ್. ಪಕ್ಕೆಲುಬುಗಳ ನಡುವೆ ಹಾಯಿಸಿದ ಅಲೆಯ ವೇಗದಿಂದ ಯಕೃತ್ತಿನ ಗಡಸುತನ ತಿಳಿಯುತ್ತದೆ. ಗಡಸಾದಷ್ಟೂ ಅಲೆಗೆ ವೇಗ ಹೆಚ್ಚು. ಸಿರೋಸಿಸ್ ಇದ್ದು ಅಳತೆ 25 ಕಿಲೋಪಾಸ್ಕಲ್ ಮುಟ್ಟಿದರೆ ಕರುಳಿನಿಂದ ಯಕೃತ್ತಿಗೆ ರಕ್ತ ತರುವ ಪೋರ್ಟಲ್ ರಕ್ತನಾಳದಲ್ಲಿ ಒತ್ತಡ ಏರಿರುವ ಸಂಭವ ಬಲವಾಗಿರುತ್ತದೆ. ಪರೀಕ್ಷೆಗೆ ಮುನ್ನ ಮೂರು ಗಂಟೆ ಊಟ ಮಾಡಬಾರದು. ಹೊಟ್ಟೆಯಲ್ಲಿ ನೀರು ತುಂಬಿದ್ದರೆ ಫಲಿತಾಂಶ ನಂಬಲರ್ಹವಲ್ಲ.

ಮೂರನೆಯದು ಎಂ.ಆರ್.ಐ. ಯಕೃತ್ತಿನ ಜೀವಕೋಶಗಳು ಹೀರುವ ಔಷಧಿ ಕೊಟ್ಟಾಗ ಯಾವ ಭಾಗ ಎಷ್ಟು ಕೆಲಸ ಮಾಡುತ್ತಿದೆ ಎಂಬುದೂ ಕಾಣುತ್ತದೆ.

ಯಾದಗಿರಿ, ಶಹಾಪುರ, ಸುರಪುರದ ರೋಗಿಗಳು ಇಂಥ ದೊಡ್ಡ ಶಸ್ತ್ರಚಿಕಿತ್ಸೆಗೆ ಹೈದರಾಬಾದ್‌ಗೋ ಬೆಂಗಳೂರಿಗೋ ಹೋಗುವಾಗ ವರದಿಯ ಜೊತೆಗೆ ಸ್ಕ್ಯಾನ್‌ನ ಸಿ.ಡಿ.ಯನ್ನೂ ಒಯ್ಯಬೇಕು. ಗಾತ್ರದ ಲೆಕ್ಕಕ್ಕೆ ಮೂಲ ಚಿತ್ರಗಳೇ ಬೇಕು. ಅಂತಿಮ ತೀರ್ಮಾನಕ್ಕೆ ಬಿಲಿರುಬಿನ್, ಪ್ಲೇಟ್‌ಲೆಟ್‌ನಂಥ ರಕ್ತಪರೀಕ್ಷೆಗಳನ್ನೂ ಪರಿಗಣಿಸುತ್ತಾರೆ.